18 ದಿನದ ಮಾಡೆಸ್ಟಿ



ಕನ್ನಡದಲ್ಲಿ ‘ಚಿತ್ರಕಥೆ’ ಎಂಬ ಮಾತಿಗೆ ಎರಡು ಮನೆಗಳಿವೆ. ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಂದು ಸಾಲಾಗಿ ಬರುವಾಗ ಅದು ಕ್ಯಾಮೆರಾ ತಿರುಗುವ ಮೊದಲು ಕಾಗದದ ಮೇಲೆ ಸಿದ್ಧವಾಗುವ ನಕ್ಷೆ. ‘ಅಮರ ಚಿತ್ರ ಕಥೆ’ ಎಂದಾಗ ಅದೇ ಮಾತು ಚೌಕಗಳೊಳಗಿನ ಚಿತ್ರವಾಗುತ್ತದೆ, ಪಾತ್ರದ ಬಾಯಿಂದ ಹೊರಟ ಗುಳ್ಳೆಯಲ್ಲಿನ ಅಕ್ಷರವಾಗುತ್ತದೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರುಗಳಿವೆ. ಕನ್ನಡ ಎರಡನ್ನೂ ಒಂದೇ ಸೂರಿನ ಕೆಳಗೆ ಕೂರಿಸಿದೆ. ಹಾಗೆ ಕೂರಿಸಿದ್ದರಲ್ಲಿ ಒಂದು ತಿಳಿವಳಿಕೆಯೂ ಇದೆ, ಒಂದು ಮೋಸವೂ ಇದೆ. ಒಂದು ಬಗೆಯ ಚಿತ್ರಕಥೆ ಇನ್ನೊಂದು ಬಗೆಯ ಚಿತ್ರಕಥೆಯಾಗುವಾಗ ಏನು ದಾಟಿ ಬರುತ್ತದೆ, ಏನು ಆಚೆ ದಡದಲ್ಲೇ ಉಳಿಯುತ್ತದೆ ಎಂಬುದು ಈ ಉಪನ್ಯಾಸದ ವಿಷಯ.

ಅದನ್ನು ನೋಡಲು ಇಲ್ಲಿ ಆರಿಸಿಕೊಂಡಿರುವುದು ಹೆಚ್ಚು ಜನ ಕಾಣದ ಒಂದು ಚಿಕ್ಕ ಚಿತ್ರ: ‘ಮೈ ನೇಮ್ ಈಸ್ ಮಾಡೆಸ್ಟಿ’. ನಿರ್ದೇಶಕ ಸ್ಕಾಟ್ ಸ್ಪೀಗಲ್. ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಅದರ ಚಿತ್ರೀಕರಣ 18 ದಿನಗಳಲ್ಲಿ ಮುಗಿಯಿತು. ಕುರುಕ್ಷೇತ್ರದ ಯುದ್ಧ ನಡೆದಷ್ಟೇ ದಿನ. ಚಿತ್ರದ ಉದ್ದ ಒಂದು ಗಂಟೆ 20 ನಿಮಿಷಕ್ಕೂ ಕಡಿಮೆ. ಅಮೆರಿಕದ ಚಿತ್ರಮಂದಿರಗಳ ಮೆಟ್ಟಿಲು ಹತ್ತದೆ 2004ರ ಸೆಪ್ಟೆಂಬರಿನಲ್ಲಿ ಅದು ನೇರವಾಗಿ ಡಿವಿಡಿಯಾಗಿ ಅಂಗಡಿಗೆ ಬಂತು. ಅದರ ನಾಯಕಿ ಮಾಡೆಸ್ಟಿ ಬ್ಲೇಸ್, 1963ರಿಂದ 2001ರವರೆಗೆ ಲಂಡನ್ನಿನ ಒಂದು ಸಂಜೆ ಪತ್ರಿಕೆಯಲ್ಲಿ ದಿನವೂ ಬರುತ್ತಿದ್ದ ಕಾಮಿಕ್ ಪಟ್ಟಿಯ ಹೆಣ್ಣು.

ಈ ಹೆಣ್ಣನ್ನು ಇಟ್ಟುಕೊಂಡು ಇದಕ್ಕೂ ಮೊದಲು ದೊಡ್ಡ ಹಣದ, ದೊಡ್ಡ ಹೆಸರುಗಳ ಚಿತ್ರವೊಂದು ಬಂದಿತ್ತು. ಆದರೂ ಅವಳು ಯಾರೆಂದು ಹೆಚ್ಚು ಬಲ್ಲದ್ದು ಬುಕಾರೆಸ್ಟ್‌ನ ಈ ಬಡ ಚಿತ್ರವೇ. ಬಡತನ ಇದ್ದರೂ ಹಾಗಾಯಿತೆಂದು ಹೇಳಿದರೆ ಅರ್ಧ ಸತ್ಯವಾದೀತು. ಬಹುಮಟ್ಟಿಗೆ ಆ ಬಡತನದಿಂದಲೇ ಹಾಗಾಯಿತು ಎಂಬುದು ಇಲ್ಲಿನ ವಾದ. ವಾದ ನಿಲ್ಲಬೇಕಾದರೆ ಮೊದಲು ಅವಳ ಹುಟ್ಟನ್ನು ನೋಡಬೇಕು.

ಅವಳನ್ನು ಸೃಷ್ಟಿಸಿದ ಪೀಟರ್ ಓಡೊನೆಲ್ 1920ರಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಸಂದೇಶ ವಿಭಾಗದಲ್ಲಿದ್ದ ಆತ 1942ರಲ್ಲಿ ಪರ್ಷಿಯಾದ ಉತ್ತರ ಭಾಗದಲ್ಲಿ ರೇಡಿಯೋ ತುಕಡಿಯೊಂದರ ಜೊತೆ ಬೀಡುಬಿಟ್ಟಿದ್ದರು. ಯುದ್ಧದಿಂದ ಓಡಿ ಬಂದ ನಿರಾಶ್ರಿತರು ಆ ದಾರಿಯಲ್ಲಿ ಹಾದುಹೋಗುತ್ತಿದ್ದ ಕಾಲ. ಒಂದು ದಿನ ಹನ್ನೆರಡರ ಆಸುಪಾಸಿನ ಹುಡುಗಿಯೊಬ್ಬಳು ಒಬ್ಬಳೇ ನಡೆದು ಬಂದಳು. ಹಿಂದೆ ಮುಂದೆ ಯಾರೂ ಇಲ್ಲ. ಅವಳ ಬಳಿ ಒಂದು ಆಯುಧವಿತ್ತು: ಮರದ ತುಂಡು, ಅದರ ತುದಿಗೆ ಬಿಗಿದು ಕಟ್ಟಿದ ಒಂದು ಮೊಳೆ. ಸೈನಿಕರು ತಿನ್ನಲು ಕೊಟ್ಟರು. ತಿಂದಳು. ದಾರಿಗೆಂದು ಆಹಾರದ ಡಬ್ಬಗಳನ್ನು ಕೊಟ್ಟರು. ತೆಗೆದುಕೊಂಡಳು. ಒಮ್ಮೆ ನಕ್ಕಳು, ಮತ್ತೆ ಒಬ್ಬಳೇ ನಡೆದು ಹೋದಳು. ಓಡೊನೆಲ್ ಅವಳನ್ನು ಮುಂದೆ ಎಂದೂ ಕಾಣಲಿಲ್ಲ, ಹೆಸರೂ ಗೊತ್ತಾಗಲಿಲ್ಲ. ಆದರೆ ಇಪ್ಪತ್ತು ವರ್ಷಗಳ ಬಳಿಕ, ಗಂಡಸರಿಗೆ ಸರಿಸಾಟಿಯಾಗಿ ಹೋರಾಡುವ ನಾಯಕಿಯೊಬ್ಬಳು ಬೇಕು, ಅವಳಿಗೆ ನಂಬಬಹುದಾದ ಹಿನ್ನೆಲೆ ಎಲ್ಲಿಂದ ತರುವುದು ಎಂದು ಯೋಚಿಸುವಾಗ ಆ ಹುಡುಗಿ ನೆನಪಿಗೆ ಬಂದಳೆಂದು ಅವರೇ ಬರೆದಿದ್ದಾರೆ.

ಆ ಮೊಳೆ ಕಟ್ಟಿದ ಮರದ ತುಂಡನ್ನು ಸಭಿಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಾಡೆಸ್ಟಿಯ ಇಡೀ ಸ್ವಭಾವ ಅದರಲ್ಲಿದೆ. ಅದನ್ನು ಯಾರೂ ಅವಳಿಗೆ ಕೊಟ್ಟಿಲ್ಲ, ಯಾವ ಸರ್ಕಾರದ ಮುದ್ರೆಯೂ ಅದರ ಮೇಲಿಲ್ಲ. ಬಿದ್ದ ಮರ, ಸಿಕ್ಕ ಮೊಳೆ, ಸ್ವಂತ ಬುದ್ಧಿ.

ಕಥೆಯಲ್ಲಿ ಅವಳು ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ, ತನ್ನ ಹೆಸರೂ ನೆನಪಿಲ್ಲದ ಅನಾಥ ಹುಡುಗಿ. ನಿರಾಶ್ರಿತರ ಶಿಬಿರದಲ್ಲಿ ಲೋಬ್ ಎಂಬ ಮುದಿ ಪ್ರಾಧ್ಯಾಪಕ ಸಿಗುತ್ತಾನೆ. ಅವನ ಮೈಗೆ ಅವಳು ಕಾವಲು, ಅವಳ ಮನಸ್ಸಿಗೆ ಅವನು ಗುರು. ದೇಶದಿಂದ ದೇಶಕ್ಕೆ ನಡೆಯುತ್ತಲೇ ಅವನು ಭಾಷೆಗಳನ್ನು, ಇತಿಹಾಸವನ್ನು, ಹಳೆಯ ಕಥೆಗಳನ್ನು ಕಲಿಸುತ್ತಾನೆ. ‘ಮಾಡೆಸ್ಟಿ’ ಎಂದು ಹೆಸರಿಟ್ಟವನೂ ಅವನೇ. ವಿನಯ, ಲಜ್ಜೆ ಎಂಬ ಅರ್ಥದ ಆ ಹೆಸರನ್ನು ಕಾಡುಬೆಕ್ಕಿನಂಥ ಹುಡುಗಿಗೆ ಇಟ್ಟದ್ದರಲ್ಲಿ ಮುದುಕನ ಅಕ್ಕರೆ ಇದೆ. ‘ಬ್ಲೇಸ್’ ಎಂಬುದನ್ನು ಅವಳು ತಾನೇ ಆರಿಸಿಕೊಂಡಳು. ಆರ್ಥರ್ ರಾಜನ ಕಥೆಗಳಲ್ಲಿ ಮಾಂತ್ರಿಕ ಮರ್ಲಿನ್‌ನ ಗುರುವಿನ ಹೆಸರು ಅದು. ಲೋಬ್ ಸತ್ತ ಮೇಲೆ ಮೊರಾಕ್ಕೋದ ಟ್ಯಾಂಜಿಯರ್ ಬಂದರಿಗೆ ಬಂದು ಲೂಶ್ ಎಂಬವನ ಜೂಜುಕಟ್ಟೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅವನು ಕೊಲೆಯಾದಾಗ ಅವನ ತಂಡವನ್ನು ತಾನೇ ನಡೆಸಿ ‘ನೆಟ್‌ವರ್ಕ್’ ಎಂಬ ಕಳ್ಳದಂಧೆಯ ಜಾಲ ಕಟ್ಟುತ್ತಾಳೆ. ಸಾಕಷ್ಟು ಗಳಿಸಿ, ಇನ್ನೂ ಮೂವತ್ತಕ್ಕೆ ಮೊದಲೇ ಅದನ್ನು ಬಿಟ್ಟು ಇಂಗ್ಲೆಂಡಿನಲ್ಲಿ ನೆಲೆಸುತ್ತಾಳೆ. ಓದುಗರು ಪತ್ರಿಕೆಯಲ್ಲಿ ಮೊದಲು ಕಂಡದ್ದು ಈ ನಿವೃತ್ತ ಮಾಡೆಸ್ಟಿಯನ್ನು. ಬೇಹುಗಾರಿಕೆ ಇಲಾಖೆಯ ಸರ್ ಜೆರಾಲ್ಡ್ ಟ್ಯಾರಂಟ್ ಅವಳ ನೆರವು ಕೇಳಿಕೊಂಡು ಬರುತ್ತಾರೆ. ಜೊತೆಗೆ ವಿಲ್ಲಿ ಗಾರ್ವಿನ್ ಎಂಬ ಚಾಕು ಎಸೆಯುವುದರಲ್ಲಿ ನಿಪುಣ ಗೆಳೆಯ. ಅವಳನ್ನು ‘ಪ್ರಿನ್ಸೆಸ್’ ಎಂದು ಕರೆಯುವ ಆತ 38 ವರ್ಷಗಳ ಆ ಪಟ್ಟಿಯಲ್ಲಿ ಒಮ್ಮೆಯೂ ಅವಳ ಪ್ರಿಯಕರನಾಗಲಿಲ್ಲ. ಗಂಡು ಹೆಣ್ಣಿನ ಸ್ನೇಹವನ್ನು ಇಷ್ಟು ದೀರ್ಘಕಾಲ, ಇಷ್ಟು ಗೌರವದಿಂದ ಕಾಪಾಡಿಕೊಂಡು ಬಂದ ಜನಪ್ರಿಯ ಕಥೆಗಳು ಯಾವ ಭಾಷೆಯಲ್ಲೂ ಕಡಿಮೆ.

ಆ ಕಾಲಕ್ಕೆ ಇದೆಲ್ಲ ಸುಲಭವಾಗಿರಲಿಲ್ಲ. ಬ್ರಿಟನ್ನಿನ ಪತ್ರಿಕೆಗಳ ಕಾಮಿಕ್ ಪಟ್ಟಿಗಳಲ್ಲಿ ಹೆಣ್ಣೆಂದರೆ 1932ರಿಂದ 1959ರವರೆಗೆ ‘ಡೈಲಿ ಮಿರರ್’ನಲ್ಲಿ ಬಂದ ‘ಜೇನ್’ ಮಾದರಿ. ಏನಾದರೊಂದು ನೆಪದಲ್ಲಿ ಅವಳ ಬಟ್ಟೆ ಜಾರುವುದೇ ಅದರ ಮುಖ್ಯ ಘಟನೆ. ಓಡೊನೆಲ್ ಮತ್ತು ಚಿತ್ರಕಾರ ಜಿಮ್ ಹೋಲ್ಡವೇ ಇಬ್ಬರೂ ಅದೇ ಪತ್ರಿಕೆಗೆ ‘ರೋಮಿಯೋ ಬ್ರೌನ್’ ಎಂಬ ಹಾಸ್ಯಪಟ್ಟಿ ಮಾಡಿ ಪಳಗಿದವರು. ಇಯಾನ್ ಫ್ಲೆಮಿಂಗ್‌ರ ‘ಡಾ. ನೋ’ ಕಾದಂಬರಿಯನ್ನು ‘ಡೈಲಿ ಎಕ್ಸ್‌ಪ್ರೆಸ್’ಗಾಗಿ ಪಟ್ಟಿಕಥೆಯಾಗಿ ಬರೆದವರೂ ಓಡೊನೆಲ್. ಅಂದರೆ ಜೇಮ್ಸ್ ಬಾಂಡ್ ಸಿನಿಮಾ ಪರದೆಗೆ ಬರುವ ಮೊದಲೇ ಅವನ ಯಂತ್ರವನ್ನು ಬಿಚ್ಚಿ ಜೋಡಿಸಿ ನೋಡಿದ್ದರು. ಮಾಡೆಸ್ಟಿಯನ್ನು ಮೊದಲು ಬರೆಸಿದ್ದು ‘ಎಕ್ಸ್‌ಪ್ರೆಸ್’ ಪತ್ರಿಕೆಯೇ. ಆದರೆ ಅಪರಾಧದ ಹಿನ್ನೆಲೆಯ ಹೆಣ್ಣು ತಮ್ಮ ಓದುಗರಿಗೆ ಸಲ್ಲದೆಂದು ಕೊನೆಗೆ ಕೈಬಿಟ್ಟರು. ಅದೇ ಬಳಗದ ‘ಈವನಿಂಗ್ ಸ್ಟ್ಯಾಂಡರ್ಡ್’ ಅವಳನ್ನು ಎತ್ತಿಕೊಂಡಿತು. 1963ರ ಮೇ 13ರಂದು ಮೊದಲ ಪಟ್ಟಿ ಪ್ರಕಟವಾಯಿತು.

ಪಟ್ಟಿ ಎಂಬ ರೂಪದ ಬಗ್ಗೆ ಒಂದಿಷ್ಟು ನಿಲ್ಲಬೇಕು, ಏಕೆಂದರೆ ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ. ದಿನಪತ್ರಿಕೆಯ ಕಾಮಿಕ್ ಪಟ್ಟಿ ಕಡು ಬಡ ಕಲೆ. ದಿನಕ್ಕೆ ಸಾಮಾನ್ಯವಾಗಿ ಮೂರು ಚೌಕ. ಕಪ್ಪು ಬಿಳುಪು. ಅಗ್ಗದ ಕಾಗದ. ಅಷ್ಟರಲ್ಲಿ ನಿನ್ನೆ ಓದದವನಿಗೆ ಕಥೆ ನೆನಪಿಸಬೇಕು, ಇಂದು ಒಂದು ಹೆಜ್ಜೆ ಮುಂದಿಡಬೇಕು, ನಾಳೆ ಪತ್ರಿಕೆ ಕೊಳ್ಳುವಂತೆ ಒಂದು ಕುತೂಹಲ ಬಿಟ್ಟುಹೋಗಬೇಕು. ಒಂದು ಹೊಡೆದಾಟಕ್ಕೆ ಸಿಗುವುದು ಎರಡೋ ಮೂರೋ ಚಿತ್ರ. ಹಾಗಾಗಿ ಪಟ್ಟಿಯ ಜಾಣ್ಮೆಯೆಲ್ಲ ಹೊಡೆತಕ್ಕೆ ಮುಂಚಿನ ಕ್ಷಣದಲ್ಲಿದೆ: ಮುಖದ ಭಾವ, ಕೈ ಎಲ್ಲಿದೆ, ಕಣ್ಣು ಎಲ್ಲಿ ನೋಡುತ್ತಿದೆ, ಎದುರಾಳಿ ಏನನ್ನು ಗಮನಿಸಿಲ್ಲ. ಮಾಡೆಸ್ಟಿಯ ಹೆಚ್ಚಿನ ಗೆಲುವುಗಳು ಹೊಡೆಯುವ ಮೊದಲೇ ತೀರ್ಮಾನವಾಗಿರುತ್ತವೆ. ಹೋಲ್ಡವೇ ಇದನ್ನು ಅರಿತ ಕಲಾವಿದ. ಕಪ್ಪು ಶಾಯಿಯ ದಟ್ಟ ನೆರಳಿನ ನಡುವೆ ಒಂದು ಶಾಂತ ಮುಖ ಇಟ್ಟು ಅವರು ಸಾಧಿಸಿದ ಬಿಗಿಯನ್ನು ಮುಂದೆ ಬಂದವರು ಮುಟ್ಟುವುದು ಕಷ್ಟವಾಯಿತು. 1970ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಸ್ಪೇನಿನ ಎನ್ರಿಕೆ ಬಾದಿಯಾ ರೊಮೆರೊ, ಆಮೇಲೆ ಜಾನ್ ಬರ್ನ್ಸ್, ಪ್ಯಾಟ್ರಿಕ್ ರೈಟ್, ನೆವಿಲ್ ಕಾಲ್ವಿನ್, 1986ರಿಂದ ಮತ್ತೆ ರೊಮೆರೊ ಬರೆದರು. ಚಿತ್ರಕಾರರು ಬದಲಾದರೂ ಕಥೆಗಾರ ಮಾತ್ರ ಕೊನೆಯವರೆಗೂ ಒಬ್ಬರೇ. 2001ರ ಏಪ್ರಿಲ್ 11ರಂದು, ಓಡೊನೆಲ್‌ಗೆ 81 ತುಂಬಿದ ದಿನ, ಕೊನೆಯ ಪಟ್ಟಿ ಅಚ್ಚಾಯಿತು. ಒಟ್ಟು ಪಟ್ಟಿಗಳು ಹತ್ತು ಸಾವಿರಕ್ಕೂ ಹೆಚ್ಚು. ಇವಲ್ಲದೆ 11 ಕಾದಂಬರಿಗಳು, ಎರಡು ಕಥಾಸಂಕಲನಗಳು.

ಭಾರತಕ್ಕೂ ಅವಳು ಬಂದಿದ್ದಾಳೆ. 1984ರಲ್ಲಿ ಶಿವಕಾಶಿಯಿಂದ ತಮಿಳಿನಲ್ಲಿ ‘ಲಯನ್ ಕಾಮಿಕ್ಸ್’ ಶುರುವಾದಾಗ ಮೊದಲ ಸಂಚಿಕೆಯ ನಾಯಕಿ ಮಾಡೆಸ್ಟಿಯೇ. ಕ್ಯಾಲೆಂಡರಿಗೆ, ಬೆಂಕಿಪೊಟ್ಟಣಕ್ಕೆ ಹೆಸರಾದ ಊರಿನ ಅಚ್ಚುಮನೆಯಲ್ಲಿ ಈ ಊರಿಲ್ಲದ ಹೆಣ್ಣು ತಮಿಳು ಮಾತಾಡಿದಳು. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್‌ನನ್ನು ಕನ್ನಡದಲ್ಲೇ ಓದಿ ಬೆಳೆದವರಿಗೆ ಆ ಸಂತೋಷ ಯಾವ ಬಗೆಯದೆಂದು ವಿವರಿಸಬೇಕಿಲ್ಲ.

ಈಗ ಸಿನಿಮಾಕ್ಕೆ ಬರೋಣ. ಮೊದಲ ಚಿತ್ರ ‘ಮಾಡೆಸ್ಟಿ ಬ್ಲೇಸ್’ 1966ರದು. ನಿರ್ದೇಶಕ ಜೋಸೆಫ್ ಲೋಸಿ. ಕಮ್ಯುನಿಸ್ಟರೆಂಬ ಶಂಕೆಯ ಕಾಲದಲ್ಲಿ ಹಾಲಿವುಡ್ಡಿನ ಬಹಿಷ್ಕಾರಕ್ಕೆ ಒಳಗಾಗಿ ಬ್ರಿಟನ್ನಿಗೆ ಬಂದು ‘ದಿ ಸರ್ವೆಂಟ್’ನಂಥ ದೊಡ್ಡ ಚಿತ್ರ ಕೊಟ್ಟವರು. ನಾಯಕಿ ಮೋನಿಕಾ ವಿಟ್ಟಿ, ಅಂತೋನಿಯೋನಿಯ ಚಿತ್ರಗಳ ಒಂಟಿ ಹೆಣ್ಣಾಗಿ ಜಗತ್ತಿಗೆ ಪರಿಚಿತರಾದ ಇಟಲಿಯ ನಟಿ. ವಿಲ್ಲಿಯಾಗಿ ಟೆರೆನ್ಸ್ ಸ್ಟ್ಯಾಂಪ್, ಖಳನಾಗಿ ಬೆಳ್ಳಿಗೂದಲಿನ ಡರ್ಕ್ ಬೊಗಾರ್ಡ್. ಕಾನ್ ಉತ್ಸವದ ಸ್ಪರ್ಧೆಗೂ ಹೋದ ಚಿತ್ರ. ಮೊದಲ ಸ್ಕ್ರಿಪ್ಟ್ ಬರೆದವರು ಓಡೊನೆಲ್ಲೇ. ಅದು ಕೈಯಿಂದ ಕೈಗೆ ಹೋಗಿ ಎಷ್ಟು ಬದಲಾಯಿತೆಂದರೆ ತಮ್ಮದೆನ್ನಲು ಒಂದು ಸಾಲಷ್ಟೇ ಉಳಿಯಿತೆಂದು ಅವರು ನೊಂದುಕೊಂಡರು. ಕೈಬಿಟ್ಟ ಆ ಸ್ಕ್ರಿಪ್ಟನ್ನೇ ಅವರು 1965ರಲ್ಲಿ ಕಾದಂಬರಿ ಮಾಡಿದರು. ಚಿತ್ರಕ್ಕಿಂತ ಮೊದಲು ಹೊರಬಂದ ಆ ಪುಸ್ತಕವೇ ಗೆದ್ದಿತು.

ಲೋಸಿಯವರ ಚಿತ್ರಕ್ಕೆ ಅದರದೇ ಸೊಗಸಿದೆ. ಕಣ್ಣು ಕೋರೈಸುವ ರೇಖೆ ಬಣ್ಣಗಳ ಕೋಣೆಗಳು, ಮೆಡಿಟರೇನಿಯನ್ ಬಿಸಿಲು, ಒಂದೇ ದೃಶ್ಯದೊಳಗೆ ಬದಲಾಗುವ ಉಡುಪುಗಳು. ಅರುವತ್ತರ ದಶಕದ ಕಲೆಯ ಗೀಳು ಹೇಗಿತ್ತೆಂದು ತಿಳಿಯಲು ಅದನ್ನು ನೋಡಬೇಕು. ಮಾಡೆಸ್ಟಿಯನ್ನು ತಿಳಿಯಲು ಮಾತ್ರ ಅದು ನೆರವಾಗುವುದಿಲ್ಲ. ಅಲ್ಲಿ ಅವಳು ಪತ್ರಿಕೆಯ ಪಟ್ಟಿಯನ್ನು ಗೇಲಿ ಮಾಡಲು ಸಿಕ್ಕ ಗೊಂಬೆ. ವಿಲ್ಲಿಯ ಜೊತೆ ಪ್ರಣಯಗೀತೆ ಹಾಡುತ್ತಾಳೆ. 38 ವರ್ಷ ಓಡೊನೆಲ್ ದಾಟದಿದ್ದ ಗೆರೆಯನ್ನು ಚಿತ್ರ ಎರಡು ಗಂಟೆಯಲ್ಲಿ ಅಳಿಸಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಚಿತ್ರದ ತುಂಬ ವಸ್ತುಗಳಿವೆ: ಹಡಗು, ಕೋಟೆ, ವಿಮಾನ, ಹೊಳೆಯುವ ಮನೆ. ಬರಿಗೈಯಿಂದ ಬಂದ ಹೆಣ್ಣು ಆ ಸಾಮಾನುಗಳ ನಡುವೆ ಕಳೆದುಹೋದಳು. ಮೊಳೆ ಕಟ್ಟಿದ ಮರದ ತುಂಡಿಗೆ ಆ ಚಿತ್ರದಲ್ಲಿ ಎಲ್ಲಿಯೂ ಜಾಗವಿಲ್ಲ.

ಎರಡನೆಯ ಯತ್ನ 1982ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಪ್ರಸಾರ ಮಾಡಿದ ಒಂದು ಕಂತು, ಆ್ಯನ್ ಟರ್ಕೆಲ್ ನಾಯಕಿ. ಧಾರಾವಾಹಿ ಮುಂದುವರಿಯಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದೂ ಇಲ್ಲ.

ಮೂರನೆಯದರ ಹುಟ್ಟು ಕಲೆಯ ಹಂಬಲಕ್ಕಿಂತ ಹೆಚ್ಚಾಗಿ ಕಾಗದಪತ್ರದ ಒತ್ತಡದಿಂದ ಆದದ್ದು. ಇದನ್ನು ಮುಚ್ಚಿಡಬೇಕಿಲ್ಲ. ಕೃತಿಯೊಂದರ ಸಿನಿಮಾ ಹಕ್ಕನ್ನು ಕಂಪನಿಯೊಂದು ಕೊಂಡರೆ ಸಾಮಾನ್ಯವಾಗಿ ಅದಕ್ಕೊಂದು ಅವಧಿ ಇರುತ್ತದೆ. ಅಷ್ಟರೊಳಗೆ ಚಿತ್ರ ಮಾಡದಿದ್ದರೆ ಹಕ್ಕು ಕೈತಪ್ಪುತ್ತದೆ. ಹಕ್ಕು ಉಳಿಸಿಕೊಳ್ಳಲು ಕಡಿಮೆ ಖರ್ಚಿನಲ್ಲಿ ಅವಸರದ ಚಿತ್ರ ತೆಗೆದ ಉದಾಹರಣೆಗಳಿವೆ. ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸ್‌ನ ಹಕ್ಕು ಹೊಂದಿದ್ದ ಜರ್ಮನ್ ನಿರ್ಮಾಪಕ 1992ರ ವರ್ಷಾಂತ್ಯದ ಗಡುವಿಗೆ ಕೆಲವೇ ದಿನ ಇರುವಾಗ, ಅಗ್ಗದ ಚಿತ್ರಗಳ ಗುರು ರೋಜರ್ ಕಾರ್ಮನ್ ಜೊತೆ ಸೇರಿ ಚಿತ್ರೀಕರಣ ಶುರುಮಾಡಿದರು. ವೆಚ್ಚ ಸುಮಾರು 10 ಲಕ್ಷ ಡಾಲರ್. ಆ ಚಿತ್ರ ಅಧಿಕೃತವಾಗಿ ಎಂದೂ ಬಿಡುಗಡೆಯಾಗಲಿಲ್ಲ. ಮಾಡೆಸ್ಟಿಯ ಹಕ್ಕು ಇದ್ದದ್ದು ಮಿರಮ್ಯಾಕ್ಸ್ ಕಂಪನಿಯ ಬಳಿ. ದೊಡ್ಡ ಚಿತ್ರದ ಯೋಜನೆ ವರ್ಷಗಟ್ಟಲೆ ಮಾತಿನಲ್ಲೇ ಉಳಿದಾಗ, ಹಕ್ಕು ಕಾಯಲೆಂದು ಈ ಚಿಕ್ಕ ಚಿತ್ರ ಮಾಡಲಾಯಿತು ಎಂದು ಸಿನಿಮಾ ಬರಹಗಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಾಡೆಸ್ಟಿಯ ಅಭಿಮಾನಿ ಕ್ವೆಂಟಿನ್ ಟರಂಟಿನೊ ತಮ್ಮ ಹೆಸರಿನಲ್ಲಿ ಅದನ್ನು ಅರ್ಪಿಸಿದರು. 1994ರ ಅವರ ‘ಪಲ್ಪ್ ಫಿಕ್ಷನ್’ನಲ್ಲಿ ಜಾನ್ ಟ್ರವೋಲ್ಟಾರ ಪಾತ್ರ ಸಾಯುವ ಮುನ್ನ ಕೈಯಲ್ಲಿ ಹಿಡಿದಿದ್ದ ಪುಸ್ತಕ ‘ಮಾಡೆಸ್ಟಿ ಬ್ಲೇಸ್’ ಎಂಬುದು ನೋಡಿದವರಿಗೆ ನೆನಪಿರಬಹುದು.

ಬುಕಾರೆಸ್ಟ್ ಏಕೆ? ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ರೊಮೇನಿಯಾದಲ್ಲಿ ಸ್ಟುಡಿಯೋಗಳಿದ್ದವು, ಪಳಗಿದ ಬಡಗಿಗಳು, ದೀಪದವರು, ಕ್ಯಾಮೆರಾದವರು ಇದ್ದರು, ಕೂಲಿ ಕಡಿಮೆ. ಅಮೆರಿಕದ ಅಂತರ್ಯುದ್ಧದ ಕಥೆಯಾದ ‘ಕೋಲ್ಡ್ ಮೌಂಟನ್’ ಎಂಬ ಭಾರೀ ಚಿತ್ರವನ್ನೂ ಮಿರಮ್ಯಾಕ್ಸ್ ಬಹುಭಾಗ ಅಲ್ಲೇ ತೆಗೆಸಿತು. ಸ್ಪೀಗಲ್ ಈ ಬಗೆಯ ಕೆಲಸಕ್ಕೆ ತಕ್ಕ ಮನುಷ್ಯ. ಮಿಷಿಗನ್‌ನಲ್ಲಿ ಸ್ಯಾಮ್ ರೈಮಿ ಜೊತೆ ಹುಡುಗನಾಗಿದ್ದಾಗಲೇ ಕೈಗೆ ಸಿಕ್ಕ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತ ಬೆಳೆದವರು, ‘ಈವಿಲ್ ಡೆಡ್ 2’ರ ಸಹಲೇಖಕರು. 1989ರ ಅವರ ‘ಇಂಟ್ರೂಡರ್’ ಇಡೀ ಒಂದು ರಾತ್ರಿ ಒಂದು ದಿನಸಿ ಅಂಗಡಿಯೊಳಗೆ ನಡೆಯುವ ಕಥೆ. ಒಂದು ಕಟ್ಟಡ, ಒಂದು ರಾತ್ರಿ ಎಂಬ ಲೆಕ್ಕ ಅವರಿಗೆ ಹೊಸತಾಗಿರಲಿಲ್ಲ.

ಚಿತ್ರಕಥೆ ಬರೆದ ಲೀ ಮತ್ತು ಜ್ಯಾನೆಟ್ ಸ್ಕಾಟ್ ಬ್ಯಾಚ್ಲರ್ ದಂಪತಿಯ ಮುಂದಿದ್ದ ಸಮಸ್ಯೆ ಹೀಗಿತ್ತು. ಮಾಡೆಸ್ಟಿಯ ದೊಡ್ಡ ಸಾಹಸಗಳು ಮರುಭೂಮಿ, ಸಮುದ್ರ, ಹಿಮಪರ್ವತಗಳಲ್ಲಿ ನಡೆಯುವಂಥವು. ಅವಕ್ಕೆ ಹಣವಿಲ್ಲ. ಹಾಗಾಗಿ ಅವರು ಕಥೆಯನ್ನು ಹಿಂದಕ್ಕೆ ಸರಿಸಿದರು, ವಿಲ್ಲಿಯೂ ಟ್ಯಾರಂಟೂ ಅವಳ ಬದುಕಿಗೆ ಬರುವ ಮೊದಲಿನ ಕಾಲಕ್ಕೆ. ಟ್ಯಾಂಜಿಯರ್‌ನ ಜೂಜುಕಟ್ಟೆ. ಯಜಮಾನ ಲೂಶ್ ಕೊಲೆಯಾಗುತ್ತಾನೆ. ಮಿಕ್ಲೋಸ್ ಎಂಬವನ ಬಂದೂಕುಧಾರಿ ತಂಡ ಖಜಾನೆಯ ಹಣಕ್ಕಾಗಿ ನುಗ್ಗಿ ಅಲ್ಲಿದ್ದವರನ್ನೆಲ್ಲ ಒತ್ತೆಯಾಳಾಗಿ ಹಿಡಿಯುತ್ತದೆ. ಅಲ್ಲಿ ಕೆಲಸದಲ್ಲಿರುವ ಮಾಡೆಸ್ಟಿ ಮಿಕ್ಲೋಸ್‌ನ ಎದುರು ರೂಲೆಟ್ ಮೇಜಿಗೆ ಕೂರುತ್ತಾಳೆ. ತಾನು ಗೆದ್ದರೆ ಒತ್ತೆಯಾಳುಗಳ ಬಿಡುಗಡೆ, ಅವನು ಗೆದ್ದರೆ ತನ್ನ ಬದುಕಿನ ಕಥೆ. ಇದು ಒಪ್ಪಂದ.

ಸಭಿಕರು ಇಲ್ಲಿ ಗಮನಿಸಬೇಕಾದದ್ದು ಆ ಮೇಜನ್ನು. ರೂಲೆಟ್ ಎಂದರೆ ಅಂಕಿಗಳು ಬರೆದ ಒಂದು ಚಕ್ರ, ಅದರ ಅಂಚಿನಲ್ಲಿ ಓಡುವ ಒಂದು ಚಿಕ್ಕ ಗುಂಡು. ಗುಂಡು ಓಡುವಾಗ ಯಾರೂ ಮಾತಾಡುವುದಿಲ್ಲ. ವೇಗ ಇಳಿದು ಅದು ಒಂದೆರಡು ಸಲ ಕುಪ್ಪಳಿಸಿ ಒಂದು ಗೂಡಿಗೆ ಬಿದ್ದಾಗ ಒಬ್ಬರ ಮುಖ ಅರಳುತ್ತದೆ, ಇನ್ನೊಬ್ಬರದು ಬಿಗಿಯುತ್ತದೆ. ಕಾರು ಉರುಳಿಸಬೇಕಿಲ್ಲ, ಕಟ್ಟಡ ಸ್ಫೋಟಿಸಬೇಕಿಲ್ಲ, ಸಾಹಸ ಕಲಾವಿದರ ದಂಡು ಬೇಕಿಲ್ಲ. ಸಿನಿಮಾ ಕೊಳ್ಳಬಹುದಾದ ಅತ್ಯಂತ ಅಗ್ಗದ ಚಲನೆ ಅದು, ಅತ್ಯಂತ ಉದ್ವೇಗದ್ದೂ ಹೌದು. ಪ್ರತಿ ಸುತ್ತಿಗೊಂದು ಕಥೆಯ ತುಂಡು: ಬಾಲ್ಕನ್ ಯುದ್ಧದ ಹಾಳಿನಲ್ಲಿ ಒಬ್ಬಳೇ ಅಲೆಯುವ ಹುಡುಗಿ, ಲೋಬ್‌ನ ಗುರುತು, ದಾರಿಯುದ್ದದ ಪಾಠ, ಅವನ ಸಾವು. ಮತ್ತೆ ಮೇಜಿಗೆ. ಮತ್ತೆ ಗುಂಡು.

ಈ ಲಯ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ದಿನಕ್ಕೆ ಮೂರು ಚೌಕ, ಕೊನೆಗೊಂದು ಕುತೂಹಲ, ನಾಳೆ ಮತ್ತೆ. ಚಿತ್ರದ ಪ್ರತಿ ಸುತ್ತೂ ಒಂದು ದಿನದ ಪಟ್ಟಿಯಂತೆ ನಡೆಯುತ್ತದೆ. ಬರೆದವರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಪಟ್ಟಿಯ ಬಡತನಕ್ಕೂ ಚಿತ್ರದ ಬಡತನಕ್ಕೂ ಒಂದೇ ಪರಿಹಾರ ಒದಗಿದೆ. ಕನ್ನಡದ ‘ಚಿತ್ರಕಥೆ’ ಎಂಬ ಮಾತಿನ ಎರಡು ಅರ್ಥಗಳೂ ನಿಜವಾಗಿ ಕೈಹಿಡಿಯುವ ಜಾಗ ಆ ರೂಲೆಟ್ ಮೇಜು.

ಕಥೆ ಹೇಳಿ ಸಾವನ್ನು ಮುಂದೂಡುವ ಹೆಣ್ಣು ಎಂದಾಗ ಶಹರಜಾದೆ ನೆನಪಾಗುತ್ತಾಳೆ. ನಮ್ಮ ಕಡೆಯ ‘ಶುಕಸಪ್ತತಿ’ಯಲ್ಲಿ ಗಿಳಿಯೊಂದು ರಾತ್ರಿಗೊಂದು ಕಥೆ ಹೇಳಿ ಒಡತಿಯನ್ನು ಹೊಸಿಲು ದಾಟದಂತೆ ತಡೆಯುತ್ತದೆ. ಆದರೆ ಈ ಚಿತ್ರದ ನಾಯಕಿ ಹೇಳುವುದು ಕಟ್ಟುಕಥೆಯಲ್ಲ, ತನ್ನದೇ ಬದುಕು. ಹೇಳುತ್ತ ಹೇಳುತ್ತ ಅವಳು ಎದುರಾಳಿಯನ್ನು ಓದುತ್ತಾಳೆ. ಅವನೋ ತಾನೇ ಅವಳನ್ನು ಓದುತ್ತಿದ್ದೇನೆಂದು ನಂಬಿದ್ದಾನೆ. ಪಟ್ಟಿಯ ಮಾಡೆಸ್ಟಿಯ ಯುದ್ಧಕಲೆ ಯಾವುದೆಂದು ಹಿಂದೆ ಹೇಳಿದೆಯಷ್ಟೆ: ಹೊಡೆಯುವ ಮೊದಲೇ ಗೆಲ್ಲುವುದು. ಲೋಸಿಯವರ ಅದ್ದೂರಿಗೆ ದಕ್ಕದ ಆ ಗುಣ ಇಲ್ಲಿ ದಕ್ಕಿದೆ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ನಾಲ್ಕು ಜನ ಚಾಪೆಯ ಮೇಲೆ ಕೂತು ಮಾತಾಡುತ್ತಾರೆ. ಆದರೂ ಕರ್ಣಪರ್ವದ ರಾತ್ರಿ ರಥದ ಗಾಲಿ ಹೂತದ್ದು ಕಾಣುತ್ತದೆ. ಒಳ್ಳೆಯ ಅರ್ಥಧಾರಿ ಕಳೆದುಕೊಂಡದ್ದನ್ನೆಲ್ಲ ಮಾತಿನಲ್ಲೇ ಮರಳಿ ಗಳಿಸುತ್ತಾನೆ. ಬಡ ಸಾಹಸಚಿತ್ರಕ್ಕೂ ಇದೇ ದಾರಿ. ಸಿರಿವಂತ ಚಿತ್ರ ಮಾಡುವುದನ್ನೇ ಅರೆಬರೆಯಾಗಿ ಮಾಡಹೊರಟರೆ ಅದು ಬೇಗ ನಗೆಪಾಟಲಾಗುತ್ತದೆ: ರಟ್ಟಿನ ಬಂಡೆ, ಆಟಿಕೆಯ ವಿಮಾನ. ಬೇರೆಯದನ್ನೇ ಆರಿಸಿಕೊಂಡು ಪೂರ್ತಿಯಾಗಿ ಮಾಡಿದರೆ ಉಳಿಯುತ್ತದೆ. ನಮ್ಮ ದೇಶದ ಸಿನಿಮಾಕ್ಕೂ ಈ ಪಾಠ ಹಳೆಯದು. 1935ರ ‘ಹಂಟರ್‌ವಾಲಿ’ಯಲ್ಲಿ ವಾಡಿಯಾ ಸಂಸ್ಥೆಯ ಬಳಿ ಇದ್ದ ದೊಡ್ಡ ಬಂಡವಾಳ ನಾಡಿಯಾ ಎಂಬ ನಟಿಯ ಮೈಬಲವೂ ಧೈರ್ಯವೂ. ತನ್ನ ಸಾಹಸಗಳನ್ನು ತಾನೇ ಮಾಡುತ್ತಿದ್ದ ಆಕೆಯ ಸುತ್ತ ಒಂದು ಚಿತ್ರಸರಣಿಯೇ ನಿಂತಿತು.

ಈ ಚಿತ್ರದ ಕೊರತೆಗಳನ್ನು ಹೇಳದಿದ್ದರೆ ಉಪನ್ಯಾಸ ಪ್ರಾಮಾಣಿಕವಾಗುವುದಿಲ್ಲ. ಅವು ಸಣ್ಣವಲ್ಲ. ಸಾಹಸಚಿತ್ರವೆಂದು ಕೊಂಡವರು ಹೊಡೆದಾಟಕ್ಕಾಗಿ ಬಹಳ ಹೊತ್ತು ಕಾಯಬೇಕು. ಕೊನೆಯ ಭಾಗದಲ್ಲಿ ಅದು ಬಂದಾಗಲೂ ತರಬೇತಿಗೆ ಸಮಯ ಸಿಗದಿದ್ದುದು ಗೊತ್ತಾಗುತ್ತದೆ. ನಾಯಕಿ ಅಲೆಕ್ಸಾಂಡ್ರಾ ಸ್ಟೇಡನ್ ಕೂತಾಗ, ಕೇಳುವಾಗ, ನಸುನಗುವಾಗ ನಂಬಿಕೆ ಹುಟ್ಟಿಸುತ್ತಾರೆ. ಎದ್ದು ಹೊಡೆಯುವಾಗ ಆ ನಂಬಿಕೆ ಸಡಿಲವಾಗುತ್ತದೆ. ಹೋಲ್ಡವೇ ಬರೆದ ಗಟ್ಟಿಮುಟ್ಟಾದ ಹೆಣ್ಣನ್ನು ನೆನೆದ ಓದುಗರು ಈ ತೆಳು ಮೈಕಟ್ಟನ್ನು ಕಂಡು ಗೊಣಗಿದ್ದು ಸಹಜ. ಟ್ಯಾಂಜಿಯರ್‌ನ ಉಪ್ಪುಗಾಳಿ ಬುಕಾರೆಸ್ಟ್‌ನ ಗೋಡೆಗಳೊಳಗೆ ಬೀಸುವುದಿಲ್ಲ. ವಿಲ್ಲಿ ಇಲ್ಲದಿರುವುದು ಕಥೆಯ ಕಾಲಕ್ಕೆ ಸರಿಯೇ ಆದರೂ ಮನಸ್ಸಿಗೆ ಕೊರತೆಯೇ. ಇದು ಮುಂದಿನ ಚಿತ್ರಗಳಿಗೆ ಬರೆದ ಮುನ್ನುಡಿಯಂತಿದೆ, ಆ ಮುಂದಿನ ಚಿತ್ರಗಳು ಬರಲೇ ಇಲ್ಲ.

ಒಪ್ಪಿಕೊಳ್ಳಬೇಕಾದ ಇನ್ನೊಂದು ಮಾತು: ಚಿತ್ರದ ಬಲದಲ್ಲಿ ದೊಡ್ಡ ಪಾಲು ಎದುರಾಳಿಯದು. ಮಿಕ್ಲೋಸ್ ಆಗಿ ಡೆನ್ಮಾರ್ಕಿನ ನಿಕೋಲಾಯ್ ಕೋಸ್ಟರ್-ವಾಲ್ಡೌ ಇದ್ದಾರೆ, ಮುಂದೆ 2011ರಿಂದ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿ ಜಗತ್ತಿಗೆ ಗುರುತಾದವರು. ಇಬ್ಬರೇ ಕೂತು ಮಾತಾಡುವ ಚಿತ್ರದಲ್ಲಿ ಕೇಳುವವನು ಕುಸಿದರೆ ಹೇಳುವವಳೂ ಕುಸಿಯುತ್ತಾಳೆ. ಆತ ಕುಸಿಯಲಿಲ್ಲ. ಒಂದು ಸುತ್ತಿನಲ್ಲಿ ಕ್ರೌರ್ಯ, ಇನ್ನೊಂದರಲ್ಲಿ ನಿಜವಾದ ಕುತೂಹಲ. ಕಥೆ ಕೇಳುವ ಆಸೆ ಕೊಳ್ಳೆಯ ಆಸೆಯ ಪಕ್ಕದಲ್ಲೇ ಕೂತಿದೆ.

ಇದೇ 2004ರ ಜುಲೈಯಲ್ಲಿ, ಅಂದರೆ ಈ ಡಿವಿಡಿ ಬರುವ ಎರಡು ತಿಂಗಳ ಹಿಂದೆ, ಇನ್ನೊಬ್ಬ ಕಾಮಿಕ್ಸ್ ನಾಯಕಿಯ ಚಿತ್ರ ಬಂದಿತ್ತು: ‘ಕ್ಯಾಟ್‌ವುಮನ್’. ವೆಚ್ಚ ಸುಮಾರು 10 ಕೋಟಿ ಡಾಲರ್, ಅದಕ್ಕೂ ಮೊದಲೇ ಆಸ್ಕರ್ ಪಡೆದಿದ್ದ ಹ್ಯಾಲಿ ಬೆರಿ ನಾಯಕಿ. ಕೆಟ್ಟ ಚಿತ್ರಗಳಿಗೆ ಕೊಡುವ ರಾಝಿ ಪ್ರಶಸ್ತಿ ಅದಕ್ಕೆ ಬಂತು. ಬೆರಿ ಖುದ್ದಾಗಿ ಹೋಗಿ ಅದನ್ನು ಸ್ವೀಕರಿಸಿದರು. ಹಣ ಇದ್ದದ್ದೇ ಸೋಲಿಗೆ ಕಾರಣವೆನ್ನುವುದು ಬಾಲಿಶ. ಆದರೆ ಆ ಚಿತ್ರದಲ್ಲಿ ನಾಯಕಿ ಯಾರು, ಎಲ್ಲಿಂದ ಬಂದಳು, ಅವಳಿಗೆ ಏನು ಬೇಕು ಎಂಬ ಪ್ರಶ್ನೆಗಳನ್ನು ಕಂಪ್ಯೂಟರ್ ಗ್ರಾಫಿಕ್ಸ್ ಮುಚ್ಚಿಹಾಕಿತು. ಮುಚ್ಚಲು ಏನೂ ಇಲ್ಲದ ಬುಕಾರೆಸ್ಟ್‌ನವರು ಆ ಪ್ರಶ್ನೆಗಳನ್ನೇ ಚಿತ್ರ ಮಾಡಿಕೊಳ್ಳಬೇಕಾಯಿತು.

ಚಿತ್ರಕ್ಕೆ ಓಡೊನೆಲ್ ಸಲಹೆಗಾರರಾಗಿದ್ದರು. 1966ರ ಚಿತ್ರದಿಂದ ನೊಂದಿದ್ದ ಹಿರಿಯ ಲೇಖಕ 80 ದಾಟಿದ ವಯಸ್ಸಿನಲ್ಲಿ ಈ ಚಿಕ್ಕ ತಂಡಕ್ಕೆ ಕೈಜೋಡಿಸಿದ್ದನ್ನು ಹಗುರವಾಗಿ ಕಾಣಬಾರದು. ಅವರು 1942ರಲ್ಲಿ ಪರ್ಷಿಯಾದಲ್ಲಿ ಕಂಡ ಹುಡುಗಿಯನ್ನು ಚಿತ್ರತಂಡ ಬಾಲ್ಕನ್‌ನ ಹೊಸ ಯುದ್ಧಕ್ಕೆ ಒಯ್ದಾಗ ಕಾಲ ಬದಲಾಯಿತು, ಹುಡುಗಿ ಬದಲಾಗಲಿಲ್ಲ. ಯುದ್ಧಗಳು ಬೇರೆಯಾದರೂ ಹಾಳೂರಿನ ದಾರಿಯಲ್ಲಿ ಒಬ್ಬಳೇ ನಡೆಯುವ ಮಗು ಪ್ರತಿ ಯುದ್ಧದಲ್ಲೂ ಇರುತ್ತಾಳೆ. ಈ ಚಿತ್ರದ ಕರುಳು ಅಲ್ಲಿದೆ.

ಓಡೊನೆಲ್ 2010ರ ಮೇ 3ರಂದು ತೀರಿಕೊಂಡರು. ಪಟ್ಟಿಗಳನ್ನು ಲಂಡನ್ನಿನ ಟೈಟನ್ ಬುಕ್ಸ್ 2004ರಿಂದ ಕ್ರಮವಾಗಿ ಪುಸ್ತಕರೂಪದಲ್ಲಿ ತರತೊಡಗಿ 2017ರಲ್ಲಿ 30ನೆಯ ಸಂಪುಟದೊಂದಿಗೆ ಮುಗಿಸಿತು. ಚಿತ್ರ ನೋಡಬಯಸುವವರಲ್ಲಿ ಒಂದು ಕೋರಿಕೆ: ಮೊದಲು ಹೋಲ್ಡವೇ ಬರೆದ ಆರಂಭದ ಸಂಪುಟಗಳಲ್ಲಿ ಒಂದನ್ನು ಓದಿ, ದಿನಕ್ಕೆ ಮೂರೇ ಚೌಕದಂತೆ, ಆತುರವಿಲ್ಲದೆ. ಆಮೇಲೆ ಆ ಒಂದೂಕಾಲು ಗಂಟೆಯ ಚಿತ್ರವನ್ನು ನೋಡಿ.